ಹಳಿಗೂ ಬೇಲಿಗೂ ನಡುವಿನ ನೆಲ

ಎಪಿಫಾನಿಯೊ ರೆಂಟೆರಿಯಾ ಹುಟ್ಟಿದ್ದು ಚಕ್ರ ಕಳಚಿದ ಗೂಡ್ಸ್ ವ್ಯಾಗನ್ನಿನಲ್ಲಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇರಲಿಲ್ಲ. ಸ್ಯಾಂಡ್ ಕ್ರೀಕ್ ಹಳ್ಳದ ದಂಡೆಯ ರೈಲ್ವೆ ಕ್ಯಾಂಪಿನ ಮಕ್ಕಳೆಲ್ಲ ಹಾಗೆಯೇ ಹುಟ್ಟಿದವರು. ಮೆಕ್ಸಿಕೋದಿಂದ ಹಳಿ ಹಾಕಲು ಬಂದ ಗ್ಯಾಂಗಿನವರಿಗೆ ಕಂಪನಿ ಕೊಟ್ಟ ಮನೆ ಅದೇ. ಗಂಡಸರು ವ್ಯಾಗನ್ನಿನ ಗೋಡೆ ಕೊರೆದು ಕಿಟಕಿ ಮಾಡಿಕೊಂಡರು, ಹೆಂಗಸರು ಒಳಗೆಲ್ಲ ಸುಣ್ಣ ಬಳಿದು ಬಾಗಿಲ ಮುಂದೆ ಮೆಣಸಿನ ಗಿಡ ನೆಟ್ಟರು. ರೈಲು ಹೋದಾಗಲೆಲ್ಲ ಒಲೆಯ ಮೇಲಿನ ಬೀನ್ಸ್ ಪಾತ್ರೆ ಗಡಗಡ ಅಂತಿತ್ತು. ರೈಲು ತಡವಾದ ದಿನ ಕೂಸುಗಳು ನಿದ್ದೆ ಬಾರದೆ ರಚ್ಚೆ ಹಿಡಿಯುತ್ತಿದ್ದವಂತೆ.

ಎಪಿಫಾನಿಯೊ ಎಂದು ಪೂರ್ತಿ ಹೆಸರು ಹಿಡಿದು ಕರೆದವರು ಪಾದ್ರಿ ಮತ್ತು ಸಂಬಳದ ಗುಮಾಸ್ತ, ಇಬ್ಬರೇ. ಮಿಕ್ಕವರಿಗೆಲ್ಲ ಅವನು ಫಾನೋ. ಅವನಿಗೆ ಐದು ವರ್ಷಕ್ಕೆ ದೊಡ್ಡವಳಾದ ಅಕ್ಕ ಕೂಕಾ. ಮೂರು ವರ್ಷಕ್ಕೆ ಚಿಕ್ಕವಳಾದ ತಂಗಿ ಅಂಪಾರೊ.

ಅಂಪಾರೊ ನಾಯಿಕೆಮ್ಮಿನಲ್ಲಿ ಹೋದಳು. ಆ ಚಳಿಗಾಲ ಕ್ಯಾನ್ಸಸ್‌ನ ಬಯಲಿನಲ್ಲಿ ಗಾಳಿ ಚಾಕುವಿನಂತೆ ಬೀಸುತ್ತಿತ್ತು. ಅಪ್ಪ ತಿಯೋದೋರೊ ಊರಿನ ಸ್ಮಶಾನಕ್ಕೆ ಹೋಗಿ ಟೋಪಿ ತೆಗೆದು ನಿಂತ. ಅಲ್ಲಿನವನು ಗೇಟನ್ನೂ ತೆರೆಯದೆ, “ನಿಮ್ಮೋರಿಗೆ ಇಲ್ಲಿ ಜಾಗ ಇಲ್ಲ” ಅಂದ. ಅಪ್ಪ ವಾಪಸು ಬಂದು, ವ್ಯಾಗನ್ನಿನ ನೆಲದ ಹಲಗೆ ಕಿತ್ತು ಪೆಟ್ಟಿಗೆ ಮಾಡಿದ. ಹಳಿಗೂ ಡ್ರೈಲಿಂಗ್ ಮನೆಯವರ ಹೊಲದ ಬೇಲಿಗೂ ನಡುವೆ ಕಾಡು ಪ್ಲಮ್ಮಿನ ಪೊದೆಯೊಂದಿತ್ತು. ಕ್ಯಾಂಪಿನ ಬೇರೆ ಮನೆಗಳ ಮಕ್ಕಳನ್ನೂ ಅಲ್ಲೇ ಮಣ್ಣು ಮಾಡಿದ್ದರು. ಅಂಪಾರೊಳನ್ನೂ ಅಲ್ಲಿಟ್ಟರು. ಕೂಕಾ ತಂಗಿಯ ತಲೆ ಬಾಚಿ ಜಡೆ ಹಾಕಿ ಕಳಿಸಿದಳು. ಬೇಸಿಗೆಗೆ ಅಮ್ಮ ಸ್ಟೇಷನ್ ಮಾಸ್ತರರ ಅಂಗಳದಿಂದ ನೇರಳೆ ಹೂವಿನ ಗೆಡ್ಡೆಗಳನ್ನು ತಂದು ಅಲ್ಲಿ ನೆಟ್ಟಳು. ಕೇಳಿ ತಂದಳೋ ಕದ್ದು ತಂದಳೋ ಯಾರಿಗೂ ಗೊತ್ತಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾಂಪನ್ನು ಎಬ್ಬಿಸಿದರು. ವ್ಯಾಗನ್ನುಗಳು ಗುಜರಿಗೆ ಹೋದವು, ಜನ ಊರ ಅಂಚಿನ ಬೀದಿಗಳಿಗೆ ಹೋದರು. ಮರದ ಶಿಲುಬೆಗಳು ಒಂದೊಂದಾಗಿ ಸುಟ್ಟುಹೋದವು, ಏಕೆಂದರೆ ರೈಲ್ವೆಯವರು ವರ್ಷಕ್ಕೊಮ್ಮೆ ಹಳಿಯ ಪಕ್ಕದ ಹುಲ್ಲಿಗೆ ಬೆಂಕಿ ಹಾಕಿಸುತ್ತಾರೆ. ಹಾಗೆ ಬೆಂಕಿ ಹಾಕುವ ಗ್ಯಾಂಗಿನಲ್ಲಿ ಫಾನೋ ಕೂಡ ಇದ್ದ. ಅಪ್ಪನ ಕೆಲಸವೇ ಮಗನಿಗೂ ಬಂದಿತ್ತು. ಪೊದೆಯ ಹತ್ತಿರ ಬಂದಾಗ ಅವನು ಒದ್ದೆ ಗೋಣಿ ಬಡಿದು ಬೆಂಕಿಯನ್ನು ಆಚೆಗೆ ತಿರುಗಿಸುತ್ತಿದ್ದ. ಶಿಲುಬೆ ಉಳಿಯಲಿಲ್ಲ, ಗೆಡ್ಡೆಗಳು ಉಳಿದವು.

ಕೆಲಸದಲ್ಲಿ ಅವನು ಗಟ್ಟಿಗ. ಹಳಿಯಡಿಯ ಸ್ಲೀಪರ್ ದಿಮ್ಮಿ ಬದಲಿಸುವುದರಿಂದ ಶುರು ಮಾಡಿ, ತನಗಿಂತ ಮೊದಲು ಆ ವಿಭಾಗದಲ್ಲಿ ಯಾವ ಮೆಕ್ಸಿಕನ್ನನಿಗೂ ಸಿಗದಿದ್ದ ಮೇಸ್ತ್ರಿ ಪದವಿಗೇರಿದ. ಹೆಂಡತಿ ತೆಂಚಾ ಮೃದು ಮಾತಿನವಳು. ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ದೂರ ಹೋದರು. ಕೂಕಾ ಮಾತ್ರ ಮದುವೆಯಾಗದೆ, ಎರಡು ಬೀದಿ ಆಚೆ ಒಂಟಿಯಾಗಿದ್ದು ಹೊಲಿಗೆ ಹಾಕಿಕೊಂಡಿದ್ದಳು. ಅವಳ ನಾಲಿಗೆಗೆ ಊರೇ ಹೆದರುತ್ತಿತ್ತು. ಭಾನುವಾರ ತಮ್ಮನ ಮನೆಗೆ ಊಟಕ್ಕೆ ಬಂದು, “ತೆಂಚಾ, ನಿನ್ನ ರೊಟ್ಟಿ ಇವತ್ತು ಮೆತ್ತಗಿದೆ, ಯಾರಾದ್ರೂ ಸತ್ತರಾ?” ಅನ್ನುವಳು. ಮೇ ತಿಂಗಳಲ್ಲಿ ಅಕ್ಕ ತಮ್ಮ ಇಬ್ಬರೂ ಹಳಿಯ ಪಕ್ಕ ನಡೆದು ಹೋಗಿ, ನೇರಳೆ ಹೂವಿನ ನಡುವೆ ಹುಲ್ಲು ಕಿತ್ತು ಬರುವರು. ಅದಕ್ಕೆ ಯಾರ ಅಪ್ಪಣೆಯನ್ನೂ ಅವರು ಕೇಳಿರಲಿಲ್ಲ.

ಫಾನೋನ ನಿವೃತ್ತಿಗೆ ಇನ್ನೊಂದು ವರ್ಷವಿದೆ ಅನ್ನುವಾಗ, ಅಂದರೆ ಎಂಬತ್ತೇಳನೇ ಇಸವಿಯಲ್ಲಿ, ನೇಗಿಲು ರೈಲಿನ ಸುದ್ದಿ ಬಂತು.

ವಿಭಾಗದ ಸಾಹೇಬ ಲಿಂಡ್‌ಸ್ಟ್ರಾಮ್ ಕೆಟ್ಟವನಲ್ಲ. ಮೇಸ್ತ್ರಿಗಳನ್ನೆಲ್ಲ ಕೂರಿಸಿ ಕಾಫಿ ಕೊಡಿಸಿ ವಿವರಿಸಿದ. ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆಗಳಿರುವ ಕೇಬಲ್ಲಂತೆ, ಅದರಲ್ಲಿ ಬೆಳಕಿನ ರೂಪದಲ್ಲಿ ಫೋನಿನ ಮಾತು ಹರಿಯುತ್ತದಂತೆ. “ರೈಲಿಂದ ಬರೋ ದುಡ್ಡು ಕಡಿಮೆ ಆಗ್ತಾ ಇದೆ. ಆದ್ರೆ ನಮ್ಮ ಹತ್ರ ಊರಿಂದೂರಿಗೆ ನೇರ ಹೋಗೋ ನೆಲ ಇದೆ. ಟೆಲಿಫೋನ್ ಕಂಪನಿಯೋರಿಗೆ ಬೇಕಾಗಿರೋದು ಅದೇ. ರೈಲಿಗೇ ನೇಗಿಲು ಕಟ್ಟಿ, ಹಳಿ ಪಕ್ಕದ ನೆಲ ಸೀಳಿ ಎರಡು ಕೊಳವೆ ಹೂಳ್ತೀವಿ. ಒಂದು ನಮ್ಮದು, ಇನ್ನೊಂದು ಅವರಿಗೆ ಬಾಡಿಗೆಗೆ.”

ಎಲ್ಲರೂ ಎದ್ದು ಹೋದ ಮೇಲೂ ಫಾನೋ ಕೂತೇ ಇದ್ದ.

“ಏನು ಫಾನೋ?”

“ಬಾಡಿಗೆಗೆ ಕೊಡೋ ಮುಂಚೆ ಒಳಗೆ ಯಾರಾದ್ರೂ ಇದ್ದಾರಾ ಅಂತ ನೋಡ್ತಾರಲ್ಲ ಸರ್?”

ಲಿಂಡ್‌ಸ್ಟ್ರಾಮ್ ನಕ್ಕ. ಫಾನೋ ನಗಲಿಲ್ಲ. ಆಮೇಲೆ ಪ್ಲಮ್ ಪೊದೆಯ ವಿಷಯ ಹೇಳಿದ. ಎಂಟೋ ಹತ್ತೋ ಮಕ್ಕಳು. ಎಲ್ಲಿಂದೆಲ್ಲಿಗೆ ಅನ್ನುವುದು ಸರಿಯಾಗಿ ಅವನಿಗೂ ಗೊತ್ತಿಲ್ಲ. ಅವರಲ್ಲೊಬ್ಬಳು ತನ್ನ ತಂಗಿ.

ಸಾಹೇಬ ಪೆನ್ನು ತೆಗೆದು ಜಾಗದ ಗುರುತು ಬರೆದುಕೊಂಡ. “ಮೇಲಿನೋರನ್ನ ಕೇಳ್ತೀನಿ” ಅಂದ.

ಕೇಳಿದ್ದೂ ನಿಜ. ವಾರ ಕಳೆದ ಮೇಲೆ ಉತ್ತರ ತಂದ. ಅದನ್ನು ಹೇಳುವಾಗ ಫಾನೋನ ಮುಖ ನೋಡಲಿಲ್ಲ. “ಆ ನೆಲ ನಮ್ಮದು. ಅಲ್ಲಿ ಹೂಳೋಕೆ ಯಾರೂ ಒಪ್ಪಿಗೆ ಕೇಳಿಲ್ಲ, ನಾವು ಕೊಟ್ಟೂ ಇಲ್ಲ. ಅಂದ್ಮೇಲೆ ಅಲ್ಲಿ ಯಾರೂ ಇಲ್ಲ ಅಂತ ಅವರ ಲೆಕ್ಕ.” ಆಮೇಲೆ ಅಂದ, “ಹಳಿಯ ಆ ಕಡೆ ಸಿಗ್ನಲ್ ತಂತಿ ಇದೆ, ಅಲ್ಲಿಗೆ ಹಾಕೋಕಾಗಲ್ಲ. ಬೇಲಿ ಆಚೆ, ಹೊಲದಂಚಲ್ಲಿ ಒಂದು ನೂರು ಗಜ ಬಳಸ್ಕೊಂಡು ಹೋಗೋಕೆ ಡ್ರೈಲಿಂಗ್ ಬಿಟ್ರೆ ನಾನು ಹೇಗಾದ್ರೂ ಮಾಡ್ತೀನಿ. ಆದ್ರೆ ನಾನು ಹೋದ್ರೆ ನಾಯಿ ಛೂ ಬಿಡ್ತಾನೆ. ನೀನೇ ಹೋಗು.”

ಆರ್ವಲ್ ಡ್ರೈಲಿಂಗ್ ಮತ್ತು ಫಾನೋ ಒಂದೇ ಚರ್ಚಿಗೆ ಹೋಗುವವರು, ಒಂದೇ ವಯಸ್ಸಿನವರು. ಚಿಕ್ಕಂದಿನಲ್ಲಿ ಬೇಲಿಯ ಆಚೆ ಈಚೆ ನಿಂತು ಒಬ್ಬರಿಗೊಬ್ಬರು ಮಣ್ಣುಹೆಂಟೆ ಎಸೆದವರು. ಡ್ರೈಲಿಂಗ್ ಗೋಧಿ ಕೊಯ್ಯುವ ಯಂತ್ರದ ಅಡಿಯಿಂದ ಎದ್ದುಬಂದು ಕೈ ಒರೆಸಿಕೊಳ್ಳುತ್ತ ಎಲ್ಲ ಕೇಳಿದ.

“ನಂಗೊತ್ತು ಆ ಮಕ್ಕಳಿರೋದು. ಆ ಪೊದೆ ಮುಟ್ಟಬೇಡ ಅಂತ ನಮ್ಮಪ್ಪ ಹೇಳ್ತಿದ್ದ” ಅಂದ.

“ಹಾಗಿದ್ರೆ ಬಿಡ್ತೀಯಾ?”

“ಇಲ್ಲ.”

ಡ್ರೈಲಿಂಗ್‌ನ ಕತ್ತು ಕೆಂಪೇರಿತು. “ನೋಡು ಫಾನೋ, ನಮ್ಮಜ್ಜ ಆ ಪಟ್ಟಿ ಕೊಟ್ಟಿದ್ದು ರೈಲು ಓಡಿಸೋಕೆ. ಮಾರಿದ್ದಲ್ಲ. ನನ್ನ ಹೊಲದಲ್ಲಿ ನಡೆಯೋಕೆ ನಿಂಗೆ ದಾರಿ ಬಿಟ್ರೆ, ನೀನು ಆ ದಾರೀಲಿ ಅಂಗಡಿ ಕಟ್ಟಿಸಿ ಇನ್ನೊಬ್ಬನಿಗೆ ಬಾಡಿಗೆಗೆ ಕೊಡ್ತೀಯಾ? ಈ ರೈಲ್ವೆಯೋರು ಮಾಡ್ತಿರೋದು ಅದೇ. ಒಂದು ಮಾತು ಕೇಳಿದ್ರಾ ನನ್ನ? ಸುತ್ತಲಿನ ರೈತರೆಲ್ಲ ಕೋರ್ಟಿಗೆ ಹೋಗೋರಿದ್ದೀವಿ. ಈಗ ನಾನು ಒಂದು ಗೇಣು ಬಿಟ್ರೆ, ಇವನೇ ಒಪ್ಪಿ ಜಾಗ ಕೊಟ್ಟ ಅಂತಾರೆ. ಎಲ್ಲರ ಕೇಸೂ ಹಾಳಾಗುತ್ತೆ.”

“ಚಿಕ್ಕ ಮಕ್ಕಳು, ಆರ್ವಲ್.”

“ನಂಗೇನು ಸಂತೋಷಾನಾ?” ಡ್ರೈಲಿಂಗ್ ಕೂಗಿಬಿಟ್ಟ. ಆಮೇಲೆ ತಗ್ಗಿದ ದನಿಯಲ್ಲಿ, “ಹೋಗು ಫಾನೋ, ಹೋಗು” ಅಂದು ಮತ್ತೆ ಯಂತ್ರದ ಅಡಿಗೆ ತೂರಿಕೊಂಡ.

ಅಂದು ಸಂಜೆ ಊಟ ಸೇರಲಿಲ್ಲ. ಕೂಕಾಳೂ ಬಂದಿದ್ದಳು. “ಕೆಲಸಕ್ಕೇ ಹೋಗಬೇಡ” ಅಂದಳು. “ಮೂವತ್ತೈದು ವರ್ಷ ದುಡಿದಿದ್ದೀಯ. ಒಂದು ದಿನ ಬರಲ್ಲ ಅನ್ನು. ಬಾಯಿಲ್ವಾ ನಿಂಗೆ?”

“ನಾನು ಹೋಗದಿದ್ರೆ ಇನ್ಯಾರೋ ಹೋಗ್ತಾರಕ್ಕಾ. ನೇಗಿಲಿನ ಮುಂದೆ ನಡೆದು ಮೋರಿ ಎಲ್ಲಿ, ಪೈಪು ಎಲ್ಲಿ ಅಂತ ತೋರಿಸೋನು ನಾನು. ಆ ಜಾಗಕ್ಕೆ ಬಂದಾಗ ಗುಳ ಎತ್ತಿಸ್ತೀನಿ. ಜಲ್ಲಿಯ ಅಂಚಲ್ಲೇ ಮೇಲುಮೇಲೆ ಎಳೆಸಿಬಿಡ್ತೀನಿ. ಕೆಳಗಿರೋರಿಗೆ ತಾಗಲ್ಲ.”

“ಅಂತ ಯಾರು ಹೇಳಿದ್ರು?”

“ನೇಗಿಲು ಹಿಡಿಯೋನ ಹತ್ರ ಮಾತಾಡಿದ್ದೀನಿ. ಡೆಲ್ಬರ್ಟ್ ಅಂತ, ಒಕ್ಲಹೋಮಾದೋನು. ಕೈ ತೋರಿಸು ಸಾಕು, ಎತ್ತುತೀನಿ ಅಂದಿದ್ದಾನೆ.”

“ನಿಂಗೆ ಪಿಂಚಣಿ ಚಿಂತೆ. ಅದನ್ನ ಹೇಳು, ನೇರವಾಗಿ.”

ಫಾನೋಗೆ ಆ ಚಿಂತೆಯೂ ಇತ್ತು. ಇಲ್ಲ ಅಂದರೆ ಸುಳ್ಳಾಗುತ್ತಿತ್ತು. ತೆಂಚಾ ನಡುವೆ ಬಂದು, “ಇವನು ಅಲ್ಲಿದ್ರೇ ಒಳ್ಳೇದು ಕೂಕಾ. ಇವನಾದ್ರೂ ನಮ್ಮೋನು” ಅಂದಳು. ಕೂಕಾ ಶಾಲು ಎಳೆದುಕೊಂಡು ಎದ್ದುಹೋದಳು.

ನೇಗಿಲು ರೈಲು ಸ್ಯಾಂಡ್ ಕ್ರೀಕ್ ತಲುಪಿದ್ದು ಅಕ್ಟೋಬರಿನ ಒಂದು ಬಿಸಿಲಿನ ಬೆಳಿಗ್ಗೆ. ಮುಂದೆ ಎಂಜಿನ್, ಹಿಂದೆ ತೆರೆದ ವ್ಯಾಗನ್ನು, ಅದರ ಪಕ್ಕಕ್ಕೆ ಚಾಚಿದ ಕಬ್ಬಿಣದ ತೋಳು, ತೋಳಿನ ತುದಿಯಲ್ಲಿ ಆಳೆತ್ತರದ ಗುಳ. ಗುಳ ನೆಲ ಸೀಳುತ್ತಿತ್ತು, ಅದರ ಬೆನ್ನಿಗೇ ಕಿತ್ತಳೆ ಬಣ್ಣದ ಎರಡು ಕೊಳವೆಗಳು ಸುರುಳಿಗಳಿಂದ ಬಿಚ್ಚಿಕೊಂಡು ಸೀಳಿನೊಳಗೆ ಇಳಿಯುತ್ತಿದ್ದವು. ಮನುಷ್ಯ ನಡೆಯುವಷ್ಟೇ ವೇಗ. ಫಾನೋ ಕೈಯಲ್ಲಿ ಕೆಂಪು ಬಾವುಟ ಹಿಡಿದು ಮುಂದೆ ನಡೆಯುತ್ತಿದ್ದ.

ಪ್ಲಮ್ ಪೊದೆ ಕಂಡಿತು. ಪೊದೆಯ ಮುಂದೆ ಅಡುಗೆಮನೆಯ ಕುರ್ಚಿ ಹಾಕಿಕೊಂಡು ಯಾರೋ ಕೂತಿದ್ದರು. ಕಪ್ಪು ಉಡುಪು, ತಲೆಯ ಮೇಲೆ ಶಾಲು, ಕೈಯಲ್ಲಿ ಜಪಮಾಲೆ. ಹತ್ತಿರ ಹೋಗುವ ಮೊದಲೇ ಅವನಿಗೆ ಗೊತ್ತಾಯಿತು.

ಫಾನೋ ಬಾವುಟ ಎತ್ತಿದ. ರೈಲು ನಿಂತಿತು. ಲಿಂಡ್‌ಸ್ಟ್ರಾಮ್ ಇಳಿದು ಬಂದ. “ನಿನ್ನ ಅಕ್ಕ ಅಲ್ವಾ? ನೀನೇ ಮಾತಾಡು ಫಾನೋ. ದಯವಿಟ್ಟು. ನಾನು ಶೆರಿಫನ್ನ ಕರೆಸೋ ಹಾಗೆ ಮಾಡಬೇಡ.”

ಫಾನೋ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. “ಅಕ್ಕಾ, ಏಳು.”

“ಏಳಲ್ಲ.”

“ಶೆರಿಫ್ ಬಂದು ಎಳೀತಾನೆ. ಈ ವಯಸ್ಸಲ್ಲಿ ಕೈಗೆ ಬೇಡಿ ಹಾಕಿಸ್ಕೊಳ್ತೀಯಾ?”

“ಹಾಕ್ಲಿ. ಅವನು ಹೊರಗಿನೋನು. ಅವನು ಎಳೆದ್ರೆ ನಂಗೆ ನೋವಾಗಲ್ಲ.”

“ನಾನು ಗುಳ ಎತ್ತಿಸ್ತೀನಿ ಅಂದೆನಲ್ಲ. ಏನೂ ಆಗಲ್ಲ. ನನ್ನನ್ನ ನಂಬು.”

ಕೂಕಾ ಮೊದಲ ಸಲ ಅವನನ್ನು ದಿಟ್ಟಿಸಿ ನೋಡಿದಳು. “ಅಪ್ಪ ಹೂಳಿದ. ನೀನು ಕೀಳಿಸ್ತೀಯ” ಅಂದಳು.

ಅವಳು ಅವನೊಡನೆ ನೇರವಾಗಿ ಆಡಿದ ಕಡೆಯ ಮಾತು ಅದು.

ಫಾನೋ ಎದ್ದ. ಒಂದು ತೋಳನ್ನು ಅವಳ ಬೆನ್ನ ಹಿಂದೆ, ಇನ್ನೊಂದನ್ನು ಮೊಣಕಾಲ ಕೆಳಗೆ ಹಾಕಿ ಅವಳನ್ನು ಎತ್ತಿಕೊಂಡ. ಒದೆಯುತ್ತಾಳೆ, ಕೂಗುತ್ತಾಳೆ ಎಂದುಕೊಂಡಿದ್ದ. ಕೂಕಾ ಒದೆಯಲಿಲ್ಲ. ಒಣಗಿದ ಸೌದೆ ಹೊರೆಯಷ್ಟೇ ಹಗುರವಿದ್ದಳು. ಬೇಲಿಯ ಹತ್ತಿರ ಇಳಿಸಿ, ಮರಳಿ ಹೋಗಿ ಕುರ್ಚಿ ತಂದು ಅವಳ ಪಕ್ಕ ಇಟ್ಟ. ಅವಳು ಅದರಲ್ಲಿ ಕೂರಲಿಲ್ಲ.

ಫಾನೋ ಡೆಲ್ಬರ್ಟನಿಗೆ ಕೈ ತೋರಿಸಿದ. ಡೆಲ್ಬರ್ಟ್ ಕೊಟ್ಟ ಮಾತಿನಂತೆ ಗುಳವನ್ನು ಎಷ್ಟು ಎತ್ತಬಹುದೋ ಅಷ್ಟು ಎತ್ತಿದ. ರೈಲು ಮೆಲ್ಲಗೆ ಹೊರಟಿತು.

ಒಂದು ವಿಷಯ ಫಾನೋಗೆ ಹೊಳೆದೇ ಇರಲಿಲ್ಲ. ತಂಗಿಯನ್ನು ಹೂಳುವಾಗ ಆರು ವರ್ಷದ ಹುಡುಗನಾಗಿದ್ದ ಅವನು ನೋಡಿದ್ದು ಪೆಟ್ಟಿಗೆಯನ್ನು, ಗುಂಡಿಯ ಆಳವನ್ನಲ್ಲ. ಆ ಚಳಿಗಾಲ ನೆಲ ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಗುದ್ದಲಿ ಕಿಡಿ ಹಾರಿಸುತ್ತಿತ್ತೇ ಹೊರತು ಇಳಿಯುತ್ತಿರಲಿಲ್ಲ. ಅಪ್ಪನಿಗೆ ಆಳಕ್ಕೆ ಅಗೆಯಲು ಆಗಿರಲೇ ಇಲ್ಲ. ಯಾವ ಅಪ್ಪನಿಗೂ ಆಗಿರಲಿಲ್ಲ. ಮಕ್ಕಳೆಲ್ಲ ಮೇಲೆಯೇ ಇದ್ದರು.

ಮೊದಲು ಬಂದದ್ದು ಗೆಡ್ಡೆಗಳು, ಆಮೇಲೆ ಹಲಗೆಯ ಚೂರು. ಅದರ ಮೇಲೆ ಇನ್ನೂ ವ್ಯಾಗನ್ನಿನ ಕೆಂಪು ಬಣ್ಣ ಅಂಟಿತ್ತು. ಆಮೇಲೆ ಮಣ್ಣಿನ ಹೆಂಟೆಗಳ ನಡುವೆ, ಕೋಳಿಯದೋ ಏನೋ ಅಂದುಕೊಳ್ಳುವಷ್ಟು ಸಣ್ಣ ಸಣ್ಣ ಮೂಳೆಗಳು.

ಡೆಲ್ಬರ್ಟ್ ಯಂತ್ರ ನಿಲ್ಲಿಸಿ ಕೆಳಗಿಳಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. “ನೀನು ತೋರಿಸಿದ ಹಾಗೇ ಎತ್ತಿದ್ದೆ ಕಣಯ್ಯಾ. ಇದಕ್ಕಿಂತ ಮೇಲೆ ಬರಲ್ಲ ಅದು” ಅಂದ.

“ನಿನ್ನ ತಪ್ಪಲ್ಲ” ಅಂದ ಫಾನೋ.

ಲಿಂಡ್‌ಸ್ಟ್ರಾಮ್ ಬಂದು ನೋಡಿ, ಅತ್ತ ತಿರುಗಿಕೊಂಡ. ಆಮೇಲೆ, “ಆರಿಸ್ಕೋ. ಎಷ್ಟು ಹೊತ್ತು ಬೇಕೋ ತಗೋ. ಮಧ್ಯಾಹ್ನದ ಗೂಡ್ಸಿಗೆ ಹಳಿ ಬಿಟ್ಟುಕೊಡಬೇಕು, ಅಷ್ಟರೊಳಗೆ” ಅಂದ. ಫಾನೋ ಊಟದ ಡಬ್ಬಿ ಖಾಲಿ ಮಾಡಿ, ತೆಂಚಾ ರೊಟ್ಟಿ ಸುತ್ತಿಕೊಟ್ಟಿದ್ದ ಬಟ್ಟೆಯನ್ನು ಅದರಲ್ಲಿ ಹಾಸಿದ. ಮಂಡಿಯೂರಿ ಒಂದೊಂದಾಗಿ ಆರಿಸಿದ. ಡೆಲ್ಬರ್ಟನೂ ಜೊತೆಗೆ ಕೂತ. ಯಾವುದು ಅಂಪಾರೊ, ಯಾವುದು ಇನ್ನೊಬ್ಬರ ಮಗು, ಹೇಳುವವರಿರಲಿಲ್ಲ. ತಲೆಯೆತ್ತಿ ಬೇಲಿಯ ಕಡೆ ನೋಡಿದಾಗ ಕೂಕಾ ಅಲ್ಲಿರಲಿಲ್ಲ. ಖಾಲಿ ಕುರ್ಚಿ ಇತ್ತು.

ಮಧ್ಯಾಹ್ನದ ಹೊತ್ತಿಗೆ ಕೊಳವೆ ಹಳ್ಳ ದಾಟಿತು.

ಪಾದ್ರಿ ಈಗಿನ ಕಾಲದವನು. ಸ್ಮಶಾನದಲ್ಲಿ ಕೇಳಿದ ಕೂಡಲೇ ಜಾಗ ಕೊಟ್ಟ. ಊಟದ ಡಬ್ಬಿಯಲ್ಲಿದ್ದದ್ದನ್ನು ಒಂದೇ ಗುಂಡಿಯಲ್ಲಿ ಇಟ್ಟರು. ಹಳೇ ಕ್ಯಾಂಪಿನ ಮನೆಗಳವರೆಲ್ಲ ಬಂದಿದ್ದರು. ಯಾರೂ ಫಾನೋನ ಪಕ್ಕ ನಿಲ್ಲಲಿಲ್ಲ. ಕೂಕಾ ಗುಂಡಿಯ ಆ ಕಡೆ ನಿಂತಿದ್ದಳು. ಮುಗಿದ ಮೇಲೆ, ಅವನು ಕೇಳುವಂತೆಯೇ ತೆಂಚಾಳಿಗೆ ಹೇಳಿದಳು: “ನಿನ್ನ ಗಂಡನಿಗೆ ಹೇಳು, ಇನ್ನೂ ಅರ್ಧ ಜನ ಅಲ್ಲೇ ಇದ್ದಾರೆ. ಕೊಳವೆ ಕೆಳಗೆ.”

ಅಲ್ಲಿಂದ ಮುಂದೆ ಹಾಗೇ ನಡೆಯಿತು. ಭಾನುವಾರದ ಊಟಕ್ಕೆ ಕೂಕಾ ಬರುವುದನ್ನು ಬಿಡಲಿಲ್ಲ. ಅವನೆದುರೇ ಕೂತು ಉಣ್ಣುವಳು. “ಅವನಿಗೆ ಹೇಳು, ಉಪ್ಪು ಈ ಕಡೆ ತಳ್ಳೋಕೆ” ಅನ್ನುವಳು. ಫಾನೋ ಉಪ್ಪು ತಳ್ಳುವನು. ತೆಂಚಾ ಮೊದಮೊದಲು ಅತ್ತಳು, ಬೈದಳು. ಕೊನೆಗೆ ಅವಳಿಗೂ ರೂಢಿಯಾಯಿತು. ಊರವರು ಅವನಿಗೆ ‘ನೇಗಿಲು ಫಾನೋ’ ಅಂತ ಹೆಸರಿಟ್ಟರು. ಎದುರಿಗೆ ಅಂದವರು ಕಡಿಮೆ, ಬೆನ್ನ ಹಿಂದೆ ಅಂದವರೇ ಹೆಚ್ಚು. ಅವನು ನಿವೃತ್ತನಾದ ದಿನ ಆಫೀಸಿನವರು ಗಡಿಯಾರ ಕೊಟ್ಟರು. ಮನೆಗೆ ತಂದು ಗೋಡೆಗೆ ಹಾಕಲಿಲ್ಲ. ದೂರದ ಮಗಳು ಫೋನ್ ಮಾಡಿ, “ಅಪ್ಪಾ, ಪಕ್ಕದ ರೂಮಲ್ಲಿದ್ದ ಹಾಗೆ ಕೇಳಿಸ್ತಿದೆ ನಿಮ್ಮ ದನಿ!” ಅಂದಾಗ, “ನಿಮ್ಮಮ್ಮನ ಹತ್ರ ಮಾತಾಡು” ಎಂದು ಫೋನ್ ಕೊಟ್ಟು ಅಂಗಳಕ್ಕೆ ಹೋಗಿಬಿಡುವನು.

ರೈತರ ಕೇಸು ಎಳೆದೂ ಎಳೆದೂ ವರ್ಷಗಳು ಹೋದವು. ಒಂದು ದಿನ ಡ್ರೈಲಿಂಗ್‌ನ ವಕೀಲ ಫಾನೋನನ್ನು ಸಾಕ್ಷಿಗೆ ಕರೆಸಿದ. ಕೋರ್ಟಿನ ಪಕ್ಕದ ಕೋಣೆ, ಉದ್ದನೆಯ ಮೇಜು, ಈ ಕಡೆ ರೈತರ ವಕೀಲ, ಆ ಕಡೆ ರೈಲ್ವೆಯ ವಕೀಲ.

“ಮಿಸ್ಟರ್ ರೆಂಟೆರಿಯಾ, ನೀವು ಕೆಲಸದಲ್ಲಿದ್ದಾಗ ಹಳಿಗೂ ಬೇಲಿಗೂ ನಡುವಿನ ಆ ನೆಲ ಯಾವುದಕ್ಕೆಲ್ಲ ಬಳಕೆ ಆಗ್ತಿತ್ತು?”

“ಜಲ್ಲಿ ಸುರಿಯೋಕೆ. ಸ್ಲೀಪರ್ ಪೇರಿಸೋಕೆ” ಅಂದ ಫಾನೋ. “ನಾವು ಮಕ್ಕಳನ್ನ ಹೂಳೋಕೆ.”

ರೈತರ ವಕೀಲ ಕನ್ನಡಕ ಸರಿಪಡಿಸಿಕೊಂಡು, “ಕೊನೇದು ಈ ಕೇಸಿಗೆ ಸಂಬಂಧಪಟ್ಟಿದ್ದಲ್ಲ” ಅಂದ. ರೈಲ್ವೆಯ ವಕೀಲ, “ಸಂಬಂಧಪಟ್ಟಿದ್ದಲ್ಲ” ಅಂದ. ಆ ಇಡೀ ದಿನ ಇಬ್ಬರೂ ಒಪ್ಪಿದ ಮಾತು ಅದೊಂದೇ. ಟೈಪು ಮಾಡುತ್ತಿದ್ದ ಹೆಂಗಸಿನ ಬೆರಳು ಒಂದು ಗಳಿಗೆ ನಿಂತು ಮುಂದುವರಿಯಿತು.

ಕೊನೆಗೆ ಎರಡೂ ಕಡೆಯವರು ರಾಜಿಯಾದರು. ರೈಲು ಓಡಿಸುವ ಹಕ್ಕಷ್ಟೇ ಇದ್ದ ಕಡೆ, ಕೇಬಲ್ಲಿಗೆ ಬಂದ ಬಾಡಿಗೆಯಲ್ಲಿ ಹೊಲದವರಿಗೂ ಪಾಲು ಎಂದಾಯಿತು. ವಕೀಲರ ಪಾಲು ಹೋಗಿ ಡ್ರೈಲಿಂಗ್‌ಗೆ ಬಂದದ್ದು ಒಂದು ಟ್ರ್ಯಾಕ್ಟರ್ ಟೈರಿಗೆ ಸಾಕಾಗುವಷ್ಟು. ಅವನು ಅದನ್ನು ಹಿಡಿದು ನೇರ ಫಾನೋನ ಮನೆಗೆ ಬಂದ. ಕೋಲೂರಿಕೊಂಡು, ಬಾಗಿಲಲ್ಲೇ ನಿಂತ.

“ಮಕ್ಕಳಿಗೊಂದು ಕಲ್ಲು ನೆಡೋಣ ಅಂತ” ಅಂದ.

“ಎಲ್ಲಿ?”

“ಪೊದೆ ಹತ್ರ ಕೇಳಿದೆ, ಕೇಬಲ್ಲಿನೋರು ಬಿಡಲಿಲ್ಲ. ಅಲ್ಲಿ ಗುದ್ದಲಿ ಹಾಕೋ ಹಾಗಿಲ್ಲವಂತೆ. ಬೇಲಿ ಈಚೆ, ನನ್ನ ಹೊಲದಂಚಲ್ಲಿ ನೆಡಬಹುದು.”

“ನಾನು ಆವತ್ತು ಕೇಳಿದ್ದೂ ಅದೇ ಅಂಚು, ಆರ್ವಲ್.”

ಡ್ರೈಲಿಂಗ್ ತಲೆ ತಗ್ಗಿಸಿದ. ತೆಂಚಾ ಒಳಗಿನಿಂದ ಬಂದು ಮುದುಕನನ್ನು ಕೂರಿಸಿ ಕಾಫಿ ಕೊಟ್ಟಳು. ಇಬ್ಬರು ಗಂಡಸರೂ ಎದುರುಬದುರು ಕೂತು ಕುಡಿದರು.

ಕಲ್ಲಿಗೆ ಹೆಸರು ಬೇಕಿತ್ತು. ಎಲ್ಲರ ಹೆಸರು ನೆನಪಿದ್ದದ್ದು ಕೂಕಾಳಿಗೊಬ್ಬಳಿಗೇ. ಅವಳು ಅಡುಗೆಮನೆಯಲ್ಲಿ ಕೂತು ತೆಂಚಾಳಿಗೆ ಒಂದೊಂದೇ ಹೇಳಿದಳು. ಫಾನೋ ಪಕ್ಕದ ಕೋಣೆಯಲ್ಲಿ ಕೂತು ಬರೆದುಕೊಂಡ. ಕಲ್ಲು ನೆಟ್ಟ ದಿನ ಅವಳನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಗೋಧಿಯ ಪೈರು ಮೊಣಕಾಲೆತ್ತರ ಬಂದಿತ್ತು. ಹೆಸರುಗಳ ಮೇಲೆ ಕೈಯಾಡಿಸಿ, ಬೇಲಿಯಾಚೆಯ ಹಳಿಯ ಕಡೆ ನೋಡಿ ಅಂದಳು: “ತೆಂಚಾ, ಅವನಿಗೆ ಹೇಳು. ಕಲ್ಲು ಈ ಕಡೆ, ಮಕ್ಕಳು ಆ ಕಡೆ.”

“ಗೊತ್ತು ಅನ್ನು” ಅಂದ ಫಾನೋ.

ಆ ವರ್ಷದ ಕೊನೆಗೆ ಕೂಕಾ ಹಾಸಿಗೆ ಹಿಡಿದಳು. ಎದೆಯಲ್ಲಿ ನೀರು ತುಂಬಿತ್ತು. ಆಸ್ಪತ್ರೆಗೆ ಬರಲು ಒಪ್ಪಲಿಲ್ಲ. ಫಾನೋ ಅವಳ ಹೊಲಿಗೆ ಯಂತ್ರದ ಪಕ್ಕ ಸ್ಟೂಲು ಹಾಕಿಕೊಂಡು ದಿನಗಟ್ಟಲೆ ಕೂತ. ಸೂಪು ಕುಡಿಸಿದರೆ ಬಾಯಿ ತೆರೆಯುವಳು, ಬೆನ್ನಿಗೆ ದಿಂಬು ಇಟ್ಟರೆ ಒರಗುವಳು. ಮಾತಿಲ್ಲ. ಒಮ್ಮೆ ಅವನು ತಡೆಯಲಾರದೆ, “ಅಕ್ಕಾ, ಒಂದ್ಸಲ ಬೈಯೇ. ಸಾಕು” ಅಂದ. ಅವಳು ಸೂರು ನೋಡುತ್ತ ಮಲಗಿದ್ದಳು.

ಹಿಮ ಬೀಳುತ್ತಿದ್ದ ಒಂದು ಮಧ್ಯಾಹ್ನ ಅವಳು ತಲೆ ಹೊರಳಿಸಿ ಅವನನ್ನು ಬಹಳ ಹೊತ್ತು ನೋಡಿದಳು. ನರೆತ ಗಡ್ಡ, ಬಾಗಿದ ಬೆನ್ನು. ಆಮೇಲೆ ಬಾಗಿಲ ಬಳಿ ಬಟ್ಟೆ ಮಡಿಸುತ್ತಿದ್ದ ತೆಂಚಾಳನ್ನು ಕರೆದಳು.

“ಅವನಿಗೆ ಹೇಳು, ಮನೆಗೆ ಹೋಗಿ ಮಲಗಲಿ. ತುಂಬ ದಣಿದಿದ್ದಾನೆ.”

ತೆಂಚಾ ಗಂಡನ ಕಡೆ ನೋಡಿದಳು. ಫಾನೋ ಕೋಟು ಹಾಕಿಕೊಂಡ, ಟೋಪಿ ತೆಗೆದುಕೊಂಡ, ಅಕ್ಕ ಹೇಳಿದಂತೆ ಮನೆಗೆ ಹೋದ. ಬೂಟು ಕಳಚಿ ಹಾಸಿಗೆಯ ಮೇಲೆ ಒರಗಿದ್ದನಷ್ಟೆ, ತೆಂಚಾ ಹಿಮದಲ್ಲಿ ಬರಿತಲೆಯಲ್ಲಿ ಓಡಿಬಂದಳು.